ನೀರು ಬೇಡದ ಕಾರು, ಬಿಡಲಾಗದ ತಗಡು

ಚಿತ್ರಾನ್ನ ಕಲಸುವ ಮೊದಲು ಬಿಸಿ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರವಿ ಫ್ಯಾನಿನ ಕೆಳಗೆ ಇಡುವುದು ನಮ್ಮ ಮನೆಗಳಲ್ಲಿ ರೂಢಿ. ಪಾತ್ರೆಯಲ್ಲೇ ಗುಡ್ಡೆಯಾಗಿ ಬಿಟ್ಟ ಅನ್ನ ಎಷ್ಟು ಹೊತ್ತಾದರೂ ಒಳಗೆ ಹಬೆಯಾಡುತ್ತಲೇ ಇರುತ್ತದೆ. ಹರವಿದ ಅನ್ನ ಕೆಲವೇ ನಿಮಿಷಗಳಲ್ಲಿ ಆರುತ್ತದೆ. ಇದರಲ್ಲಿ ಮೂರು ಪಾಠಗಳಿವೆ. ಒಂದು, ಬಿಸಿಯಾದ ವಸ್ತುವಿನ ಮೈ ಗಾಳಿಗೆ ಹೆಚ್ಚು ತೆರೆದುಕೊಳ್ಳಬೇಕು. ಎರಡು, ಗಾಳಿ ನಿಂತಿರಬಾರದು, ಚಲಿಸುತ್ತಿರಬೇಕು. ಮೂರು, ಆ ಗಾಳಿ ಎಲ್ಲ ಮೂಲೆಗೂ ತಲುಪಬೇಕು.

ಅಡುಗೆಮನೆಯ ಈ ಮೂರು ಪಾಠಗಳನ್ನೇ ನಂಬಿಕೊಂಡು ಒಂದು ಕಾರು ಪ್ರಪಂಚವನ್ನೆಲ್ಲ ಸುತ್ತಿತು. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಅದರ ಹೆಸರು. ಜೀರುಂಡೆಯ ಬೆನ್ನಿನಂತೆ ಗುಂಡಗಿರುವ ಈ ಕಾರಿಗೆ ರೇಡಿಯೇಟರ್ ಇಲ್ಲ, ನೀರು ತುಂಬುವ ಮುಚ್ಚಳವಿಲ್ಲ, ಒಡೆದು ಸೋರುವ ರಬ್ಬರ್ ಕೊಳವೆಗಳೂ ಇಲ್ಲ. ಮುಂದಿನ ಬಾನೆಟ್ ಎತ್ತಿದರೆ ಎಂಜಿನ್ನೇ ಕಾಣುವುದಿಲ್ಲ. ಸಾಮಾನು ಇಡುವ ಜಾಗ, ಪೆಟ್ರೋಲ್ ಟ್ಯಾಂಕು, ಸ್ಟೆಪ್ನಿ ಅಷ್ಟೇ. ಎಂಜಿನ್ ಇರುವುದು ಹಿಂದೆ. 2003ರ ಜುಲೈ 30ರಂದು ಮೆಕ್ಸಿಕೋದ ಪ್ವೆಬ್ಲಾ ಕಾರ್ಖಾನೆಯಿಂದ ಕೊನೆಯ ಬೀಟಲ್ ಹೊರಬಂದಾಗ ಒಟ್ಟು ಎಣಿಕೆ 2,15,29,464 ತಲುಪಿತ್ತು. ಅಷ್ಟೂ ಕಾರುಗಳು ಗಾಳಿಯಿಂದಲೇ ತಣಿದವು.

ಬೆಂಗಳೂರು, ಮೈಸೂರುಗಳ ಹಳೆಯ ಕಾರುಗಳ ಮೆರವಣಿಗೆಯಲ್ಲಿ ಈ ಗುಂಡು ಕಾರನ್ನು ನೋಡಿ ಮಕ್ಕಳು ಕೈ ಬೀಸುವುದುಂಟು. ಆದರೆ ಅದರ ಹಿಂಬದಿಯ ಮುಚ್ಚಳದ ಒಳಗೆ ನಡೆಯುವ ವ್ಯವಹಾರ ಹೆಚ್ಚಿನವರಿಗೆ ತಿಳಿಯದು. ಇನ್ನೂ ಬೇಸರದ ಸಂಗತಿಯೆಂದರೆ, ಅದನ್ನು ಬಿಚ್ಚಿ ಜೋಡಿಸುವವರಲ್ಲೂ ಕೆಲವರಿಗೆ ತಿಳಿದಿರುವುದಿಲ್ಲ. ಎಂಜಿನ್ ಜೋಡಿಸಿ ಮುಗಿದ ಮೇಲೆ ನಾಲ್ಕಾರು ತಗಡಿನ ತುಂಡುಗಳು ನೆಲದ ಮೇಲೆ ಉಳಿದಿರುತ್ತವೆ. ‘ಇದು ಇಲ್ಲದಿದ್ದರೂ ನಡೆಯುತ್ತದೆ’ ಎಂದು ಅವನ್ನು ಮೂಲೆಗೆ ಎಸೆಯಲಾಗುತ್ತದೆ. ಕಾರು ನಡೆಯುವುದೂ ನಿಜ. ಆದರೆ ಎಷ್ಟು ದಿನ?

ಬೆಂಕಿಯ ಲೆಕ್ಕ

ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನಲ್ಲಿ ಅನಿಲ ಉರಿಯುವಾಗ ಉಷ್ಣತೆ ಕ್ಷಣಕಾಲ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸಿಲಿಂಡರಿನ ತಲೆಯಾದ ಹೆಡ್ ಮಾಡಿರುವುದು ಅಲ್ಯುಮಿನಿಯಂ ಮಿಶ್ರಲೋಹದಿಂದ. ಅಪ್ಪಟ ಅಲ್ಯುಮಿನಿಯಂ 660 ಡಿಗ್ರಿಗೆ ಕರಗಿ ನೀರಾಗುತ್ತದೆ. ಹಾಗಾದರೆ ಎಂಜಿನ್ ಕರಗುವುದಿಲ್ಲವೇಕೆ? ಬೆಂಕಿ ಇರುವುದು ಕ್ಷಣ ಮಾತ್ರ. ಅದು ಬಿಟ್ಟುಹೋದ ಶಾಖವನ್ನು ಒಂದೇ ಸಮನೆ ಯಾರಾದರೂ ಹೊರಗೆ ಸಾಗಿಸುತ್ತಿದ್ದರೆ ಲೋಹ ಬದುಕುತ್ತದೆ. ಸಾಗಣೆ ನಿಂತ ಕೆಲವೇ ನಿಮಿಷಗಳಲ್ಲಿ ಅನಾಹುತ ಶುರುವಾಗುತ್ತದೆ.

ಸಾಗಣೆಯ ಹೊರೆ ಸಣ್ಣದಲ್ಲ. ಹಳೆಯ ಪೆಟ್ರೋಲ್ ಎಂಜಿನ್ನುಗಳಲ್ಲಿ ಸುಟ್ಟ ಇಂಧನದ ಶಕ್ತಿಯಲ್ಲಿ ಮೂರನೇ ಒಂದು ಪಾಲಿಗಿಂತ ಕಡಿಮೆ ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಬರುತ್ತದೆ. ಉಳಿದದ್ದೆಲ್ಲ ಶಾಖ. ಅದರಲ್ಲಿ ದೊಡ್ಡ ಪಾಲು ಸೈಲೆನ್ಸರ್ ಮೂಲಕ ಹೊಗೆಯೊಂದಿಗೆ ಹೋಗುತ್ತದೆ. ಇನ್ನೊಂದು ದೊಡ್ಡ ಪಾಲನ್ನು ಎಂಜಿನ್ನಿನ ಮೈಯಿಂದ ತೆಗೆಯಬೇಕು.

ಈ ಕೆಲಸಕ್ಕೆ ನೀರು ಸಮರ್ಥ ಆಳು. ಒಂದು ಲೀಟರ್ ನೀರು ಹೊರುವಷ್ಟು ಶಾಖವನ್ನು ಅಷ್ಟೇ ಏರಿಕೆಯಲ್ಲಿ ಹೊರಬೇಕಾದರೆ ಮೂರು ಸಾವಿರ ಲೀಟರಿಗೂ ಹೆಚ್ಚು ಗಾಳಿ ಬೇಕು. ಆದ್ದರಿಂದ ಗಾಳಿಯನ್ನು ನಂಬಿದವನು ಅದನ್ನು ರಾಶಿ ರಾಶಿಯಾಗಿ ತಳ್ಳಬೇಕು. ಬೀಟಲ್ ಎಂಜಿನ್ ಜೋರಾಗಿ ಓಡುವಾಗ ಅದರ ಫ್ಯಾನು ಸೆಕೆಂಡಿಗೆ ಸುಮಾರು 500 ಲೀಟರ್ ಗಾಳಿಯನ್ನು ತಳ್ಳುತ್ತದೆ. ತೂಕದಲ್ಲಿ ಹೇಳಿದರೆ ಸುಮಾರು 600 ಗ್ರಾಂ. ಎಣ್ಣೆಯ ಎರಡು ಡಬ್ಬಗಳಲ್ಲಿ ಹಿಡಿಸುವುದು 30 ಲೀಟರ್ ಎಂದು ಲೆಕ್ಕ ಹಾಕಿದರೆ, ಅಂಥ ಮೂವತ್ತಕ್ಕೂ ಹೆಚ್ಚು ಡಬ್ಬಗಳಷ್ಟು ಗಾಳಿ ಪ್ರತಿ ಸೆಕೆಂಡಿಗೂ ಎಂಜಿನ್ನಿನ ಮೈ ಸವರಿಕೊಂಡು ಹೋಗಬೇಕು.

ನೀರನ್ನು ಬಿಟ್ಟದ್ದೇಕೆ?

ಇಷ್ಟು ಕಷ್ಟವಿದ್ದೂ ನೀರನ್ನು ಬಿಟ್ಟದ್ದೇಕೆ ಎಂಬ ಪ್ರಶ್ನೆಗೆ ಉತ್ತರ 1930ರ ದಶಕದ ಜರ್ಮನಿಯಲ್ಲಿದೆ. ಸಾಮಾನ್ಯ ಸಂಸಾರ ಕೊಳ್ಳಬಹುದಾದ, ಸಾವಿರ ಮಾರ್ಕಿಗಿಂತ ಕಡಿಮೆ ಬೆಲೆಯ ಕಾರೊಂದನ್ನು ಹಿಟ್ಲರನ ಸರ್ಕಾರ ಬಯಸಿತು. 1934ರಲ್ಲಿ ವಿನ್ಯಾಸದ ಹೊಣೆ ಬಿದ್ದದ್ದು ಫರ್ಡಿನೆಂಡ್ ಪೋರ್ಷೆ ಎಂಬ ತಂತ್ರಜ್ಞನ ಮೇಲೆ. ಸಾಮಾನ್ಯ ಸಂಸಾರಕ್ಕೆ ಕಾರು ನಿಲ್ಲಿಸಲು ಗ್ಯಾರೇಜ್ ಎಲ್ಲಿರುತ್ತದೆ? ಮನೆಯ ಮುಂದಿನ ಬೀದಿಯಲ್ಲೇ ಹಿಮ ಸುರಿಯುವ ರಾತ್ರಿಯನ್ನು ಅದು ಕಳೆಯಬೇಕು. ನೀರು ಹೆಪ್ಪುಗಟ್ಟಿದಾಗ ಗಾತ್ರದಲ್ಲಿ ಶೇಕಡಾ 9ರಷ್ಟು ಹಿಗ್ಗುತ್ತದೆ. ಎಂಜಿನ್ನಿನ ಒಳಗೆ ಹಾಗೆ ಹಿಗ್ಗಿದರೆ ಬೀಡುಕಬ್ಬಿಣವೂ ಸೀಳುತ್ತದೆ. ಗಾಳಿ ಹೆಪ್ಪುಗಟ್ಟುವುದಿಲ್ಲ, ಕುದಿಯುವುದಿಲ್ಲ, ಸೋರುವುದಿಲ್ಲ, ಅದಕ್ಕೆ ಬೆಲೆಯೂ ಇಲ್ಲ.

ಪೋರ್ಷೆಯ ಬಳಗದಲ್ಲಿದ್ದ ಫ್ರಾನ್ಜ್ ರೈಮ್‌ಸ್ಪೀಸ್ ರೂಪಿಸಿದ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳು. ಎರಡು ಬಲಕ್ಕೆ, ಎರಡು ಎಡಕ್ಕೆ ಮಲಗಿರುತ್ತವೆ. ಇದೇ ಹಾದಿಯನ್ನು ಚೆಕೊಸ್ಲೊವಾಕಿಯದ ಟಾಟ್ರಾ ಕಂಪನಿಯಲ್ಲಿ ಹಾನ್ಸ್ ಲೆಡ್ವಿಂಕಾ ಕೂಡ ತುಳಿದಿದ್ದರು. ಯಾರದು ಯಾರಿಂದ ಬಂತು ಎಂಬ ವ್ಯಾಜ್ಯ ಎದ್ದು, ಯುದ್ಧ ಮುಗಿದು ಎಷ್ಟೋ ವರ್ಷಗಳ ನಂತರ, 1965ರಲ್ಲಿ ಫೋಕ್ಸ್‌ವ್ಯಾಗನ್ ಪರಿಹಾರ ಕೊಟ್ಟು ಅದನ್ನು ಮುಗಿಸಿತು.

ಈ ಕಥೆಗೆ ಕರಾಳ ಮುಖವೂ ಇದೆ. ಕಾರಿನ ಆಸೆಗೆ ವಾರಕ್ಕೆ 5 ಮಾರ್ಕಿನ ಸ್ಟಾಂಪು ಅಂಟಿಸುತ್ತ ಹಣ ಕಟ್ಟಿದ ಲಕ್ಷಾಂತರ ಜರ್ಮನರಲ್ಲಿ ಒಬ್ಬರಿಗೂ ಆ ಯೋಜನೆಯಲ್ಲಿ ಕಾರು ಸಿಗಲಿಲ್ಲ. 1938ರಲ್ಲಿ ಅಡಿಗಲ್ಲು ಹಾಕಿದ ಕಾರ್ಖಾನೆ ಯುದ್ಧದ ವಾಹನಗಳಿಗೆ, ಬಲವಂತದ ದುಡಿಮೆಗೆ ಜಾಗವಾಯಿತು. ಅದೇ ಎಂಜಿನ್ ಕೂರಿಸಿದ ಸೇನೆಯ ಕ್ಯೂಬೆಲ್‌ವ್ಯಾಗನ್ ಆಫ್ರಿಕದ ಮರಳಿನಲ್ಲೂ ರಷ್ಯದ ಹಿಮದಲ್ಲೂ ಓಡಿತು. 1945ರಲ್ಲಿ ಸೋತ ಜರ್ಮನಿಯ ಆ ಮುರುಕು ಕಾರ್ಖಾನೆಯನ್ನು ಮತ್ತೆ ನಡೆಸಿದವರು ಬ್ರಿಟಿಷ್ ಸೇನೆಯ ಮೇಜರ್ ಐವನ್ ಹರ್ಸ್ಟ್. ಜನ ಕೊಳ್ಳುವ ಕಾರಾಗಿ ಅದು ರಸ್ತೆಗಿಳಿದದ್ದು ಆಮೇಲೆ. 1972ರ ಫೆಬ್ರವರಿಯಲ್ಲಿ ಅದು ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನ ದಾಖಲೆಯನ್ನೂ ಹಿಂದೆ ಹಾಕಿತು.

ಗಾಳಿಯ ದಾರಿ

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಮೋಟರ್ ಸೈಕಲ್ಲುಗಳನ್ನು ನೋಡಿದವರಿಗೆ ಗಾಳಿಯಿಂದ ತಣಿಯುವ ಎಂಜಿನ್ ಹೊಸದಲ್ಲ. ಸಿಲಿಂಡರಿನ ಸುತ್ತ ಒಂದರ ಮೇಲೊಂದು ಇರುವ ತೆಳು ರೆಕ್ಕೆಗಳೇ ಹರವಿದ ಅನ್ನದ ಪಾಠ. ಬೈಕು ಓಡುವಾಗ ಎದುರುಗಾಳಿ ತಾನಾಗಿಯೇ ಬರುತ್ತದೆ. ಆದರೆ ಕಾರಿನ ಬೆನ್ನಿನೊಳಗೆ ಮುಚ್ಚಿಟ್ಟ ಎಂಜಿನ್ನಿಗೆ ಎದುರುಗಾಳಿ ಎಲ್ಲಿಂದ ಬರಬೇಕು? ಅದಕ್ಕೇ ಫ್ಯಾನು. ನಮ್ಮ ಬಜಾಜ್ ಚೇತಕ್ ಸ್ಕೂಟರಿನಲ್ಲೂ ಇದೇ ಉಪಾಯವಿತ್ತು. ಎಂಜಿನ್ನಿನ ಫ್ಲೈವೀಲಿಗೇ ಫ್ಯಾನಿನ ಎಲೆಗಳು, ಸಿಲಿಂಡರಿಗೆ ತಗಡಿನ ಮುಸುಕು. ಆ ಮುಸುಕನ್ನು ಕಳಚಿ ಓಡಿಸಿದವರಿಗೆ ಎಂಜಿನ್ ‘ಸೀಜ್’ ಆದ ಅನುಭವ ಇದ್ದೀತು.

ಬೀಟಲ್‌ನಲ್ಲಿ ಗಾಳಿ ಒಳಬರುವುದು ಹಿಂದಿನ ಗಾಜಿನ ಕೆಳಗಿರುವ ಸೀಳುಗಂಡಿಗಳಿಂದ. ಎಂಜಿನ್ ಕೋಣೆಗೆ ಬಂದ ಗಾಳಿಯನ್ನು ಡೈನಮೊ ತುದಿಗೆ ಕೂರಿಸಿದ ಫ್ಯಾನು ನಡುವಿನಿಂದ ಹೀರಿ ಅಂಚಿಗೆ ಎಸೆಯುತ್ತದೆ. ಎಂಜಿನ್ ಬೆಲ್ಟಿನಿಂದ ತಿರುಗುವ ಈ ಫ್ಯಾನಿನ ವೇಗ ಎಂಜಿನ್ನಿನ ವೇಗದ ಎರಡು ಪಟ್ಟಿಗೆ ಸಮೀಪ. ಫ್ಯಾನಿನ ಸುತ್ತ ಅರ್ಧಚಂದ್ರದಂಥ ದೊಡ್ಡ ತಗಡಿನ ಮನೆ. ಅದರ ಒಳಗಿನ ಬಾಗಿದ ತಡಿಕೆಗಳು ಗಾಳಿಯನ್ನು ಎಡಕ್ಕೂ ಬಲಕ್ಕೂ ಹಂಚುತ್ತವೆ. ಹಂಚಿದ ಗಾಳಿ ಮಲಗಿರುವ ಸಿಲಿಂಡರುಗಳ ರೆಕ್ಕೆಗಳ ನಡುವೆ ಮೇಲಿನಿಂದ ಕೆಳಕ್ಕೆ ನುಗ್ಗಿ, ಬಿಸಿಯನ್ನು ಹೊತ್ತು ಕಾರಿನ ಅಡಿಗೆ ಹೋಗುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಒಂದು ಗಡಿಗೆರೆ. ಎಂಜಿನ್ನಿನ ಸುತ್ತ ನಾಲ್ಕೂ ಕಡೆ ತಗಡು ಹಾಸಿ, ಕಾರಿನ ಮೈಗೂ ತಗಡಿಗೂ ನಡುವೆ ರಬ್ಬರ್ ಪಟ್ಟಿ ಕೊಟ್ಟು ಮುಚ್ಚಲಾಗಿದೆ. ಗೆರೆಯ ಮೇಲೆ ತಂಪು ಗಾಳಿ, ಕೆಳಗೆ ಬಿಸಿ ಗಾಳಿ. ಎರಡೂ ಬೆರೆಯಬಾರದು. ಪ್ಲಗ್ಗಿನ ವೈರು ತಗಡನ್ನು ದಾಟುವ ತೂತಿಗೂ ಒಂದು ರಬ್ಬರ್ ಟೋಪಿ ಇದೆ. ಅಷ್ಟು ಸಣ್ಣ ತೂತಿನ ಬಗ್ಗೆಯೂ ವಿನ್ಯಾಸಕಾರರು ಯೋಚಿಸಿದ್ದರು. ರಬ್ಬರ್ ಪಟ್ಟಿ ಹರಿದು ಸಂದು ಬಿಟ್ಟರೆ ಏನಾಗುತ್ತದೆ? ಎಂಜಿನ್ ಆಗತಾನೇ ಹೊರಬಿಟ್ಟ ಬಿಸಿ ಗಾಳಿ ಮೇಲೇರಿ ಮತ್ತೆ ಫ್ಯಾನಿನ ಬಾಯಿಗೆ ಹೋಗುತ್ತದೆ. ಬಿಸಿ ನೀರಿನಲ್ಲಿ ಬಿಸಿ ಪಾತ್ರೆಯನ್ನು ತಣಿಸಲು ಹೊರಟಂತೆ! ಪ್ರತಿ ಸುತ್ತಿಗೂ ಗಾಳಿ ಇನ್ನಷ್ಟು ಕಾಯುತ್ತದೆ.

ಗಾಳಿಗೊಬ್ಬ ಕಾವಲುಗಾರನೂ ಇದ್ದಾನೆ. ಬಲಗಡೆಯ ಸಿಲಿಂಡರುಗಳ ಕೆಳಗೆ, ಬಿಸಿ ಗಾಳಿ ಹೊರಬೀಳುವ ಜಾಗದಲ್ಲಿ ಹಾರ್ಮೋನಿಯಂ ತಿದಿಯಂತೆ ಮಡಿಕೆಗಳುಳ್ಳ ಪುಟ್ಟ ಥರ್ಮೋಸ್ಟಾಟ್. ಎಂಜಿನ್ ತಣ್ಣಗಿರುವಾಗ ಅದು ಕುಗ್ಗಿ ಗಾಳಿಯ ಬಾಗಿಲುಗಳನ್ನು ಮುಚ್ಚಿರುತ್ತದೆ. ಎಂಜಿನ್ ಬೇಗ ಬೆಚ್ಚಗಾಗಲಿ ಎಂಬುದು ಉದ್ದೇಶ. ಸುಮಾರು 65ರಿಂದ 70 ಡಿಗ್ರಿಗೆ ಹಿಗ್ಗಿ ಬಾಗಿಲು ತೆರೆಯುತ್ತದೆ. ಈ ತಿದಿ ಒಡೆದರೆ ಬಾಗಿಲು ತೆರೆದೇ ಉಳಿಯುವಂತೆ ಮಾಡಿರುವುದು ಜಾಣತನ. ಕೆಟ್ಟರೂ ಎಂಜಿನ್ ಸುಡಬಾರದಲ್ಲ! ಬೆಚ್ಚಗಿನ ನಮ್ಮ ನಾಡಿನಲ್ಲಿ ಇದು ಏಕೆಂದು ಕಿತ್ತು ಹಾಕುವವರಿದ್ದಾರೆ. ಆದರೆ ಬಹಳ ಹೊತ್ತು ತಣ್ಣಗೇ ಓಡುವ ಎಂಜಿನ್ನಿನಲ್ಲಿ ಸವೆತ ಹೆಚ್ಚು.

ಮೂರನೆಯವನ ಗೋಳು

ಬೀಟಲ್ ಎಂಜಿನ್ನಿನ ತಣಿವಿಕೆಯಲ್ಲಿ ಆಯಿಲ್‌ಗೂ ಪಾಲಿದೆ. ಎರಡೂವರೆ ಲೀಟರ್ ಆಯಿಲ್ ಎಂಜಿನ್ನಿನ ಒಳಗೆ ಸುತ್ತುತ್ತ ಶಾಖ ಹೀರಿ, ನಿಂತ ಬುರುಜಿನಂಥ ಪುಟ್ಟ ಕೂಲರಿನಲ್ಲಿ ಅದನ್ನು ಗಾಳಿಗೆ ಕೊಡುತ್ತದೆ. ಹಿಂದಿನ ಮಾದರಿಗಳಲ್ಲಿ ಈ ಕೂಲರನ್ನು ಇಟ್ಟದ್ದು ಫ್ಯಾನಿನ ಮನೆಯೊಳಗೇ, ಎಡಗಡೆಯ ಮೂರನೇ ಸಿಲಿಂಡರಿನ ನೆತ್ತಿಯ ಮೇಲೆ. ಉಳಿದ ಮೂವರಿಗೆ ತಾಜಾ ಗಾಳಿ, ಮೂರನೆಯವನಿಗೆ ಮಾತ್ರ ಕೂಲರನ್ನು ದಾಟಿ ಬಂದ ಬಿಸಿ ಗಾಳಿ. ಪಂಕ್ತಿಯ ಕೊನೆಯಲ್ಲಿ ಕೂತವನಿಗೆ ತಳದ ಸಾರು ಬಡಿಸಿದಂತೆ.

ಪರಿಣಾಮವಾಗಿ ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವು ಬೇಗ ಸೋಲುತ್ತದೆ ಎಂಬುದು ಬೀಟಲ್ ಮೆಕ್ಯಾನಿಕ್ಕುಗಳಿಗೆಲ್ಲ ತಿಳಿದ ಮಾತಾಯಿತು. ಕಂಪನಿ ಕೂಡ ಒಂದಷ್ಟು ಕಾಲ ಡಿಸ್ಟ್ರಿಬ್ಯೂಟರಿನಲ್ಲೇ ಮೂರನೇ ಸಿಲಿಂಡರಿನ ಕಿಡಿಯನ್ನು ಕೆಲವು ಡಿಗ್ರಿ ತಡವಾಗಿಸಿ ಅದರ ಹೊರೆ ಇಳಿಸಲು ನೋಡಿತು. ನಿಜವಾದ ಪರಿಹಾರ ಬಂದದ್ದು 1971ರ ಮಾದರಿಯಲ್ಲಿ. ಕೂಲರನ್ನು ಮುಂದಕ್ಕೆ ಸರಿಸಿ, ಅದಕ್ಕೇ ಬೇರೆ ಗೂಡು ಕಟ್ಟಿ, ಅದರ ಬಿಸಿ ಗಾಳಿ ಸಿಲಿಂಡರಿನ ಮೇಲೆ ಬೀಳದೆ ಹೊರಗೆ ಹೋಗುವಂತೆ ಮಾಡಿದರು. ಫ್ಯಾನನ್ನೂ ಅಗಲ ಮಾಡಿದರು. ಈ ಗೂಡಿಗೆ ಮೆಕ್ಯಾನಿಕ್ಕುಗಳು ಇಟ್ಟ ಅಡ್ಡಹೆಸರು ‘ನಾಯಿಗೂಡು’. ಹಳೆಯ ಎಂಜಿನ್ನುಗಳಿಗೂ ಇದನ್ನು ಹೊಂದಿಸಿಕೊಳ್ಳುವವರು ಬಹಳ. ಹಾಗೆ ಹೊಂದಿಸುವಾಗ ಗೂಡಿನ ಬಿಸಿ ಗಾಳಿ ಹೊರಹೋಗುವ ತಗಡನ್ನೂ ಹಾಕಬೇಕು. ಅದನ್ನು ಬಿಟ್ಟರೆ ಆ ಬಿಸಿ ಎಂಜಿನ್ ಕೋಣೆಯಲ್ಲೇ ಉಳಿಯುತ್ತದೆ.

ಬಿಚ್ಚುವುದು ಸುಲಭ

ಬೀಟಲ್ ಎಂಜಿನ್ ಕಾರಿನ ಹಿಂಬದಿಗೆ ಹಿಡಿದಿರುವುದು ನಾಲ್ಕೇ ಬೋಲ್ಟು ನಟ್ಟುಗಳಲ್ಲಿ. ಕೆಲವು ವೈರು, ಕೇಬಲ್, ಕೊಳವೆ ಕಳಚಿದರೆ ಎಂಜಿನ್ ಕೆಳಗಿಳಿಯುತ್ತದೆ. 1969ರಲ್ಲಿ ಅಮೆರಿಕದಲ್ಲಿ ಜಾನ್ ಮ್ಯೂರ್ ಎಂಬ ಎಂಜಿನಿಯರ್, ಪಾನಾ ಹಿಡಿದು ಗೊತ್ತಿಲ್ಲದವರೂ ಫೋಕ್ಸ್‌ವ್ಯಾಗನ್ ರಿಪೇರಿ ಮಾಡಿಕೊಳ್ಳುವಂತೆ ಪುಸ್ತಕವನ್ನೇ ಬರೆದರು. ಅಲ್ಲಿನ ಒಂದು ತಲೆಮಾರಿನ ಯುವಕ ಯುವತಿಯರು ಅದನ್ನು ಪಕ್ಕದಲ್ಲಿಟ್ಟುಕೊಂಡೇ ಎಂಜಿನ್ ಬಿಚ್ಚಿದರು. ಬಿಚ್ಚಿದ್ದನ್ನು ಮರಳಿ ಜೋಡಿಸುವುದರಲ್ಲಿ ಪರೀಕ್ಷೆ.

ಎಂಜಿನ್ನಿನ ಒಡಲು ಮೆಗ್ನೀಸಿಯಂ ಮಿಶ್ರಲೋಹದ ಎರಡು ಹೋಳು. ಕಡಲೆಕಾಯಿಯ ಎರಡು ಸಿಪ್ಪೆಗಳಂತೆ ಅವು ಕ್ರ್ಯಾಂಕ್ ಶಾಫ್ಟನ್ನೂ ಕ್ಯಾಮ್ ಶಾಫ್ಟನ್ನೂ ನಡುವೆ ಹಿಡಿದುಕೊಳ್ಳುತ್ತವೆ. ಹೋಳುಗಳ ನಡುವೆ ಕಾಗದದ ಪ್ಯಾಕಿಂಗ್ ಇಲ್ಲ. ತೆಳುವಾಗಿ ಹಚ್ಚುವ ಅಂಟು ಮಾತ್ರ. ಕ್ರ್ಯಾಂಕಿನ ಹಲ್ಲುಚಕ್ರದಲ್ಲಿ ಎರಡು ಚುಕ್ಕೆಗಳಿವೆ. ಕ್ಯಾಮಿನ ಹಲ್ಲುಚಕ್ರದ ಒಂದು ಚುಕ್ಕೆ ಆ ಎರಡರ ನಡುವೆ ಕೂರಬೇಕು. ಒಂದು ಹಲ್ಲು ತಪ್ಪಿದರೂ ವಾಲ್ವುಗಳು ತಪ್ಪು ಹೊತ್ತಿಗೆ ತೆರೆಯುತ್ತವೆ. ಹೋಳುಗಳನ್ನು ಬಿಗಿದ ಮೇಲೆ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡಬೇಕು. ಬಿಗಿ ಎನ್ನಿಸಿದರೆ ಅಲ್ಲೇ ನಿಲ್ಲಬೇಕು. ‘ಓಡಿದ ಮೇಲೆ ಸಡಿಲವಾಗುತ್ತದೆ’ ಎಂಬ ಸಮಾಧಾನ ಇಲ್ಲಿ ಸಲ್ಲದು.

ಪಿಸ್ಟನ್ನಿನ ತಲೆಯ ಮೇಲಿನ ಬಾಣ ಫ್ಲೈವೀಲ್ ಕಡೆಗಿರಬೇಕು. ಸಿಲಿಂಡರು, ಹೆಡ್ಡುಗಳ ರೆಕ್ಕೆಗಳ ನಡುವಿನ ಮಣ್ಣು, ಜಿಡ್ಡು, ಎರಕದಲ್ಲಿ ಉಳಿದ ಲೋಹದ ಸಿಬಿರು ಎಲ್ಲವನ್ನೂ ತೆಗೆಯಬೇಕು. ಒಂದು ಸಂದು ಮುಚ್ಚಿದರೆ ಅಷ್ಟು ಗಾಳಿ ಕಡಿಮೆ.

ಹೆಡ್ ಬಿಗಿಯುವಾಗ ಬಲವಂತರೇ ಹೆಚ್ಚು ತಪ್ಪುವುದು. 10 ಮಿಲಿಮೀಟರ್ ಸ್ಟಡ್ಡುಗಳ ನಟ್ಟಿಗೆ ಹೇಳಿರುವ ಬಿಗಿ ಸುಮಾರು 3.2 ಕಿಲೋಗ್ರಾಂ-ಮೀಟರ್ ಮಾತ್ರ. ಅಂದರೆ ಒಂದು ಅಡಿ ಉದ್ದದ ಪಾನಾದ ತುದಿಯನ್ನು ಹತ್ತು ಹನ್ನೊಂದು ಕಿಲೋ ತೂಕದಷ್ಟು ಬಲದಿಂದ ಎಳೆದರೆ ಸಾಕು. ಇಷ್ಟು ಕಡಿಮೆಯೇಕೆ? ಎಂಜಿನ್ ಕಾದಾಗ ಹೆಡ್ಡು, ಸಿಲಿಂಡರುಗಳು ಹಿಗ್ಗುತ್ತವೆ. ಉಕ್ಕಿನ ಸ್ಟಡ್ಡುಗಳು ಅಷ್ಟು ಹಿಗ್ಗುವುದಿಲ್ಲ. ಆಗ ಬಿಗಿ ತಾನಾಗಿಯೇ ಏರುತ್ತದೆ. ಮೊದಲೇ ಅತಿಯಾಗಿ ಬಿಗಿದಿದ್ದರೆ, ಅಥವಾ ಎಂಜಿನ್ ಅತಿಯಾಗಿ ಕಾದರೆ, ಸ್ಟಡ್ಡು ಮೆದು ಮೆಗ್ನೀಸಿಯಂನಿಂದ ಎಳೆ ಸಮೇತ ಕಿತ್ತು ಬರುತ್ತದೆ.

ನೆಲದ ಮೇಲೆ ಉಳಿದ ತುಂಡು

ಈಗ ಮೊದಲು ಹೇಳಿದ ತಗಡಿನ ತುಂಡಿಗೆ ಬರೋಣ. ಸಿಲಿಂಡರುಗಳ ಅಡಿಯಲ್ಲಿ, ಎರಡು ಸಿಲಿಂಡರುಗಳ ನಡುವೆ ಸಿಕ್ಕಿಸುವ ಬಾಗಿದ ಪುಟ್ಟ ತಗಡೊಂದಿದೆ. ಎಂಜಿನ್ನಿಗೆ ಇಂಥವು ಎರಡು. ಗಾಳಿ ಮೇಲಿನಿಂದ ಬರುತ್ತದೆಯಷ್ಟೆ. ಅದಕ್ಕೆ ತಡೆಯಿಲ್ಲದಿದ್ದರೆ ಎರಡು ಸಿಲಿಂಡರುಗಳ ಸಂದಿನಿಂದ ನೇರ ಕೆಳಗೆ ಬಿದ್ದುಹೋಗುತ್ತದೆ. ಸಿಲಿಂಡರಿನ ಮೇಲರ್ಧ ತಣಿಯುತ್ತದೆ, ಕೆಳಗರ್ಧ ಕಾದೇ ಇರುತ್ತದೆ. ಒಂದೇ ಸಿಲಿಂಡರು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಹಿಗ್ಗಿದರೆ ಅದು ದುಂಡಗೆ ಉಳಿಯುವುದಿಲ್ಲ. ಈ ತಗಡು ನೇರ ದಾರಿಯನ್ನು ಮುಚ್ಚಿ, ಸಿಲಿಂಡರಿನ ಹೊಟ್ಟೆಯ ಕೆಳಗೂ ಸುತ್ತಿಕೊಂಡು ಹೋಗುವಂತೆ ಗಾಳಿಯನ್ನು ಒತ್ತಾಯಿಸುತ್ತದೆ. ಅನ್ನದ ಮೂರನೇ ಪಾಠ ಇದೇ.

ತೊಂದರೆಯೆಂದರೆ, ಸಿಲಿಂಡರುಗಳು ಕೂತ ಮೇಲೆ, ಪುಷ್‌ರಾಡ್ ಕೊಳವೆಗಳೂ ಹೆಡ್ಡೂ ಕೂರುವ ಮೊದಲು ಇದನ್ನು ಸಿಕ್ಕಿಸಬೇಕು. ಆ ಗಳಿಗೆ ತಪ್ಪಿದರೆ ಹೆಡ್ ಬಿಚ್ಚದೆ ಸರಿಯಾಗಿ ಕೂರಿಸುವುದು ಕಷ್ಟ. ಎಲ್ಲ ಮುಗಿದು ಕೈ ಒರೆಸಿಕೊಳ್ಳುವಾಗ ತುಂಡು ಕಣ್ಣಿಗೆ ಬೀಳುತ್ತದೆ. ಮತ್ತೆ ಬಿಚ್ಚುವ ಮನಸ್ಸು ಯಾರಿಗಿದೆ? ಹೊರಗಿನಿಂದ ನೋಡುವವರಿಗೆ ಅದು ಕಾಣುವುದೂ ಇಲ್ಲ. ಕಾರಿನ ಮಾಲೀಕ ಹಣ ಕೊಟ್ಟು ಸಂತೋಷವಾಗಿ ಓಡಿಸಿಕೊಂಡು ಹೋಗುತ್ತಾನೆ. ವರ್ಷಗಳ ನಂತರ ಕಾರು ಇನ್ನೊಬ್ಬರ ಕೈ ಸೇರಿದಾಗ ಎಂಜಿನ್ ಸೋಲುತ್ತದೆ. ‘ಗಾಳಿ ಎಂಜಿನ್ ನಮ್ಮ ಬಿಸಿಲಿಗೆ ಆಗುವುದಿಲ್ಲ’ ಎಂಬ ತೀರ್ಪು ಬೀಳುತ್ತದೆ. ಮೆಕ್ಸಿಕೋ, ಬ್ರೆಜಿಲ್‌ಗಳ ಬಿಸಿಲಿನಲ್ಲಿ ಲಕ್ಷಗಟ್ಟಲೆ ಬೀಟಲ್‌ಗಳು ಓಡಿದ್ದನ್ನು ನೆನೆದರೆ, ತಪ್ಪು ಬಿಸಿಲಿನದಲ್ಲ ಎಂದು ತಿಳಿಯುತ್ತದೆ.

ಇದೇ ಜಾತಿಯ ಮರೆವುಗಳು ಇನ್ನೂ ಇವೆ. ಫ್ಯಾನಿನ ಮನೆಯೊಳಗೆ ಉಳಿದ ಒರೆಸುವ ಬಟ್ಟೆ, ನಿಂತ ಕಾರಿನಲ್ಲಿ ಇಲಿ ಕಟ್ಟಿದ ಗೂಡು ಇವೆಲ್ಲ ಗಾಳಿಯ ಕತ್ತು ಹಿಸುಕುತ್ತವೆ. ಚಳಿದೇಶದಲ್ಲಿ ಕಾರಿನೊಳಗೆ ಬೆಚ್ಚಗಿಡಲು ಫ್ಯಾನಿನ ಗಾಳಿಯ ಒಂದು ಪಾಲನ್ನು ಎಕ್ಸಾಸ್ಟ್ ಕೊಳವೆಯ ಸುತ್ತ ಹಾಯಿಸಿ ಒಳಗೆ ಬಿಡುತ್ತಾರೆ. ಇಲ್ಲಿ ಅದು ಬೇಡವೆಂದು ತೆಗೆದವರು ಆ ಎರಡು ಬಾಯಿಗಳನ್ನು ಮುಚ್ಚಬೇಕು. ತೆರೆದೇ ಬಿಟ್ಟರೆ ಸಿಲಿಂಡರಿಗೆ ಸಲ್ಲಬೇಕಾದ ಗಾಳಿ ವ್ಯರ್ಥವಾಗುತ್ತದೆ.

ಕೆಂಪು ದೀಪದ ಮಾತು

ಹಳೆಯ ಬೀಟಲ್‌ನಲ್ಲಿ ಎಂಜಿನ್ ಉಷ್ಣತೆ ತೋರಿಸುವ ಮುಳ್ಳು ಇಲ್ಲ. ಡ್ರೈವರನ ಮುಂದಿರುವುದು ಡೈನಮೊ ಚಾರ್ಜಿನ ಕೆಂಪು ದೀಪ. ಚಾರ್ಜಿನ ದೀಪ ಹತ್ತಿದರೆ, ಬ್ಯಾಟರಿಯ ಬಲದಲ್ಲಿ ಹೇಗೋ ಊರು ಸೇರೋಣ ಎಂದುಕೊಳ್ಳುವವರುಂಟು. ಬೀಟಲ್‌ನಲ್ಲಿ ಹಾಗೆ ಮಾಡುವಂತಿಲ್ಲ. ಡೈನಮೊ ಮತ್ತು ಫ್ಯಾನು ಒಂದೇ ಶಾಫ್ಟಿನಲ್ಲಿವೆ, ಒಂದೇ ಬೆಲ್ಟಿನಿಂದ ತಿರುಗುತ್ತವೆ. ಓಡುವಾಗ ದೀಪ ಹತ್ತಿತೆಂದರೆ ಬೆಲ್ಟು ಹರಿದಿರಬಹುದು, ಫ್ಯಾನು ನಿಂತಿರಬಹುದು. ಕೂಡಲೇ ಪಕ್ಕಕ್ಕೆ ಹಾಕಿ ಎಂಜಿನ್ ನಿಲ್ಲಿಸಿ ನೋಡಬೇಕು.

ಬೆಲ್ಟನ್ನು ಬೆರಳಿನಿಂದ ಒತ್ತಿದರೆ ಸುಮಾರು 15 ಮಿಲಿಮೀಟರ್ ತಗ್ಗಬೇಕು. ಹೆಚ್ಚು ತಗ್ಗಿದರೆ ಡೈನಮೊ ರಾಟೆಯ ಎರಡು ಹೋಳುಗಳ ನಡುವಿನ ವಾಷರ್ ಒಂದನ್ನು ತೆಗೆಯುತ್ತಾರೆ. ತೆಗೆದದ್ದನ್ನು ಎಸೆಯದೆ ಅದೇ ನಟ್ಟಿನ ಹೊರಗಡೆ ಇಟ್ಟು ಬಿಗಿಯುತ್ತಾರೆ. ಮುಂದೆ ಹೊಸ ಬೆಲ್ಟು ಹಾಕುವವನಿಗೆ ಅದು ಅಲ್ಲೇ ಸಿಗುತ್ತದೆ. ಯಾವ ತುಂಡನ್ನೂ ಎಸೆಯಬಾರದು ಎಂಬ ಈ ಎಂಜಿನ್ನಿನ ರೀತಿಗೆ ಆ ವಾಷರಿಗಿಂತ ಚೆನ್ನಾದ ಉದಾಹರಣೆ ಇಲ್ಲ.

ಗಾಳಿ ಎಂಜಿನ್ನಿನ ಕಾಲ ಮುಗಿಯಿತು. ಸದ್ದು ಹೆಚ್ಚು, ಹೊಗೆಯ ನಿಯಮಗಳು ಬಿಗಿಯಾದಂತೆ ಉಷ್ಣತೆಯನ್ನು ಒಂದೇ ಮಟ್ಟದಲ್ಲಿ ಹಿಡಿಯುವುದು ಕಷ್ಟ. 1974ರಲ್ಲಿ ಫೋಕ್ಸ್‌ವ್ಯಾಗನ್ನೇ ನೀರಿನಿಂದ ತಣಿಯುವ ಗಾಲ್ಫ್ ಕಾರನ್ನು ತಂದಿತು. ಪೋರ್ಷೆ ಕಂಪನಿಯ 911 ಕಾರು 1998ರಲ್ಲಿ ಗಾಳಿ ಎಂಜಿನ್ ಕೈಬಿಟ್ಟಿತು. ಬೀಟಲ್ ಹೆಸರಿನಲ್ಲಿ ಆಮೇಲೆ ಬಂದ ಕಾರಿನ ಎಂಜಿನ್ ಮುಂದಿತ್ತು, ಅದಕ್ಕೆ ರೇಡಿಯೇಟರೂ ಇತ್ತು. ಉಳಿದಿರುವ ಹಳೆಯ ಬೀಟಲ್‌ಗಳ ಎಂಜಿನ್ನುಗಳು ಇನ್ನೂ ಅಲ್ಲಲ್ಲಿ ಬಿಚ್ಚಿಕೊಳ್ಳುತ್ತವೆ, ಜೋಡಿಸಿಕೊಳ್ಳುತ್ತವೆ. ನಿಮ್ಮ ಮನೆಯಲ್ಲಿ ಅಂಥ ಕಾರೊಂದಿದ್ದು ಎಂಜಿನ್ ರಿಪೇರಿಯಾಗಿ ಬಂದಿದ್ದರೆ, ಬಿಲ್ಲು ಕೊಡುವ ಮೊದಲು ಗ್ಯಾರೇಜಿನ ನೆಲವನ್ನೊಮ್ಮೆ ನೋಡಿ. ಬಾಗಿದ ತಗಡಿನ ಎರಡು ಪುಟ್ಟ ತುಂಡುಗಳು ಅಲ್ಲಿ ಬಿದ್ದಿದ್ದರೆ ಕಾರನ್ನು ಮನೆಗೆ ಒಯ್ಯಬೇಡಿ.